ಬರಿಟೋ ಮತ್ತು ನನ್ನ ಎಡಗೈ

ಊಟದ ಹೊತ್ತಿನಲ್ಲಿ ನಿಮ್ಮ ಎಡಗೈ ಎಲ್ಲಿರುತ್ತದೆ? ನನ್ನದು ತೊಡೆಯ ಮೇಲೆ ಶಿಸ್ತಾಗಿ ಮಲಗಿರುತ್ತದೆ. ಲೋಟ ಎತ್ತಲು, ಬಡಿಸಿಕೊಳ್ಳಲು ಎದ್ದರೂ ಊಟವನ್ನು ಮಾತ್ರ ಮುಟ್ಟುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅದೇನಾದರೂ ಎಲೆಯತ್ತ ಚಲಿಸಿದರೆ ಅಜ್ಜಿ ಬೈಯುತ್ತಿರಲಿಲ್ಲ, ಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದರು. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆದರೆ ಆ ಕೆಮ್ಮು ನನಗೆ ಸಿಂಗಪುರದಲ್ಲೂ ಸ್ಪಷ್ಟವಾಗಿ ಕೇಳಿಸುತ್ತದೆ.

ಈ ಕೈಗೆ ಕಷ್ಟಕಾಲ ಬಂದದ್ದು ಬರಿಟೋ ಎಂಬ ಮೆಕ್ಸಿಕೋದ ಸುರುಳಿ ರೊಟ್ಟಿಯಿಂದ. ಬುಕಿತ್ ಬಾಟೋಕ್‌ನಿಂದ ಸಿಂಗಪುರದ ಇನ್ನೊಂದು ತುದಿಯ ಪುಂಗೋಲ್‌ಗೆ ಮನೆ ಬದಲಾಯಿಸಿದ ಮೇಲೆ ಮಗಳು ಅನಘಾಗೆ ಹೊಸ ಶಾಲೆ. ಗೆಳತಿಯರಿಲ್ಲದೆ ತಿಂಗಳುಗಟ್ಟಲೆ ಮಂಕಾಗಿದ್ದವಳು ಒಂದು ದಿನ ಬಂದು, "ಅಪ್ಪಾ, ಶನಿವಾರ ನನ್ನ ಫ್ರೆಂಡ್ಸ್ ಮನೆಗೆ ಬರ್ತಾರೆ. ಬರಿಟೋ ಮಾಡ್ತೀಯಾ? ಕಾಳಿಂದು ಮಾಡಿದ್ರೆ ಎಲ್ರೂ ತಿನ್ಬಹುದು ಲಾ" ಎಂದು, ಮಾತಿನ ಬಾಲಕ್ಕೆ ಸಿಂಗಪುರದ "ಲಾ" ಅಂಟಿಸಿ ಕೇಳಿದಳು. ವಾರಾಂತ್ಯದಲ್ಲಿ ನಮ್ಮ ಅಡುಗೆಮನೆಯ ಆಡಳಿತ ನನ್ನದು. ಒಪ್ಪಿಕೊಂಡೆ. ಎಲ್ಲಿ ಅಪ್ಪ ಮಾನ ಕಳೆದು, ಬಂದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲವೋ ಎಂಬ ಭಯ ಅವಳ ಮುಖದಲ್ಲೇ ಬರೆದಿತ್ತು.

ತಾಲೀಮಿಗೆಂದು ಒಂದು ಹಿಡಿ ರಾಜ್ಮಾ ನೆನೆಹಾಕಿದೆ. ಅಬ್ಬಾ, ಆ ಕಾಳಿನ ಮಹಿಮೆಯೇ! ಬೆಳಗಾಗುವಷ್ಟರಲ್ಲಿ ಬಟ್ಟಲು ತುಂಬಿ ಮೇಲೆದ್ದಿತ್ತು. ಬೇಯಿಸಿ, ಜೀರಿಗೆ ಬೆಳ್ಳುಳ್ಳಿ ಹಾಕಿ ಸೌಟಿನ ಬೆನ್ನಿನಲ್ಲಿ ಮಸೆದು, ಉಳಿದ ಅನ್ನದ ಜೊತೆ ಅಗಲವಾದ ಚಪಾತಿಯಲ್ಲಿ ಸುತ್ತಿದರೆ, ಒಂದು ತಿಂದವನು ಸಂಜೆಯವರೆಗೆ ಅಡುಗೆಮನೆಯ ದಾರಿಯನ್ನೇ ಮರೆಯುತ್ತಾನೆ. ಇಷ್ಟು ಅಗ್ಗದ ವಸ್ತುವಿನಲ್ಲಿ ಇಷ್ಟು ಹೊಟ್ಟೆ ತುಂಬುವ ಶಕ್ತಿಯನ್ನು ಯಾರು ಇಟ್ಟರೋ, ಅವರಿಗೆ ಕೈಮುಗಿಯಬೇಕು ಅನ್ನಿಸಿತು. ಆದರೆ ನಾನು ಕಚ್ಚಿದ ಕೂಡಲೇ ಅದು ಹಿಂದಿನಿಂದ ಒಡೆದು ಅಂಗಿಯ ಮೇಲೆ ಬಿತ್ತು. ಹಿಟ್ಟನ್ನು ಬೈದೆ, ಲಟ್ಟಣಿಗೆಯನ್ನು ಬೈದೆ, ಸಿಂಗಪುರದ ಸೆಕೆಯನ್ನೂ ಬೈದೆ.

"ಅಪ್ಪಾ, ನಂದು ಒಡೆದೇ ಇಲ್ವಲ್ಲ. ಎರಡೂ ಕೈಲಿ ಹಿಡ್ಕೋ" ಎಂದಳು ಅನಘಾ.

"ಎಡಗೈಲಿ ಊಟ ಮುಟ್ಟೋದಾ?"

"ಐಯೋ, ನಿನ್ನಜ್ಜಿ ಇಲ್ಲಿಲ್ಲ ಲಾ!" ಎಂದವಳು ಆಮೇಲೆ ದನಿ ತಗ್ಗಿಸಿ, "ಶನಿವಾರ ಅವ್ರ ಮುಂದೆ ಮಾತ್ರ ಹೀಗೆ ಚೆಲ್ಕೋಬೇಡ, ಪ್ಲೀಸ್" ಎಂದಳು.

ಆ "ಪ್ಲೀಸ್" ನನ್ನನ್ನು ಕರಗಿಸಿಬಿಟ್ಟಿತು. ವಾರವಿಡೀ ಆಫೀಸಿನಲ್ಲಿ ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ತಿಂದು ಅಭ್ಯಾಸ ಮಾಡಿದೆ. ಸಹೋದ್ಯೋಗಿಗಳು ಕುಶಲ ವಿಚಾರಿಸತೊಡಗಿದರು.

ಶನಿವಾರ ಬಂತು, ಗೆಳತಿಯರೂ ಬಂದರು. ಎಲ್ಲರ ತಟ್ಟೆಗೂ ಒಂದೊಂದು ಇಟ್ಟು, ನಾನೂ ಅವರ ನಡುವೆ ಕೂತೆ. ಉಸಿರು ಬಿಗಿಹಿಡಿದು ಎಡಗೈ ಎತ್ತಿದೆ. ಅಜ್ಜಿ ಕೆಮ್ಮಿದರು. ಗಮನ ಕೊಡದೆ ಕಣ್ಣುಮುಚ್ಚಿ ಕಚ್ಚಿದೆ. ಒಡೆಯಲಿಲ್ಲ! ಒಂದು ಕಾಳೂ ಕದಲಲಿಲ್ಲ! ಇಷ್ಟು ವರ್ಷ ತೊಡೆಯ ಮೇಲೆ ಇಂಥ ಪ್ರತಿಭೆಯನ್ನು ಮಲಗಿಸಿಟ್ಟಿದ್ದೆನಲ್ಲಾ ಎಂದು ಬೆರಗಾಗಿ ಕಣ್ಣುಬಿಟ್ಟೆ.

ಹುಡುಗಿಯರೆಲ್ಲರ ಎಡಗೈ ತೊಡೆಯ ಮೇಲಿತ್ತು. ಬಲಗೈಯೊಂದರಲ್ಲೇ ಬರಿಟೋ ಹಿಡಿದು ಒದ್ದಾಡುತ್ತಿದ್ದರು, ಮೊಣಕೈವರೆಗೂ ರಾಜ್ಮಾ. ಮೆಯ್ ಎಂಬ ಹುಡುಗಿ ನನ್ನ ಎರಡೂ ಕೈಗಳನ್ನು ನೋಡಿ ಗಾಬರಿಯಾಗಿ, "ಅಂಕಲ್, ನಿಮ್ಮ ಮನೆಯಲ್ಲಿ ಬಲಗೈಯಲ್ಲಿ ಮಾತ್ರ ತಿನ್ನಬೇಕು ಅಂತ ಅನಘಾ ಹೇಳಿದ್ದಳಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನನ್ನ ಮಗಳ ಎಡಗೈಯೂ ತೊಡೆಯ ಮೇಲೇ ಇತ್ತು. ಅವಳ ಅಂಗಿಯ ತುಂಬ ಕಾಳು. "ಅಪ್ಪಾ! ನೀನೊಬ್ನೇ ಚೆಲ್ಕೊಂಡು ಕೂತ್ಕೋಬಾರ್ದು ಅಂತ್ಲೇ ಎಲ್ರಿಗೂ ಹಾಗೆ ಹೇಳಿದ್ದು!" ಎಂದು ಕಣ್ಣು ಕೆಕ್ಕರಿಸಿದಳು.

ನಾನು ಎಡಗೈಯನ್ನು ಮೆಲ್ಲಗೆ ತೊಡೆಗೆ ಇಳಿಸಿದೆ. ಮರುಕ್ಷಣ ಬರಿಟೋ ಒಡೆದು ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸುರಿಯಿತು. ಹುಡುಗಿಯರು ಹೋ ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅನಘಾ.

ಮುಂದಿನ ಶನಿವಾರವೂ ಬರುತ್ತಾರಂತೆ. ಅಂಕಲ್ ಹಳೆಯ ಅಂಗಿ ಹಾಕಿಕೊಂಡಿರಬೇಕಂತೆ.