ಸಾವ್ಕಾರನ ಗುಳಿಗೆ, ಅತ್ತೆಯ ಪೂಜೆ

ನಮ್ಮ ಸೋದರತ್ತೆಯ ಮನೆಯಲ್ಲಿ ಶಿವನಿಗಿಂತ ಮೊದಲು ನಾಷ್ಟಾ ಮಾಡಿದ ಮೊಟ್ಟಮೊದಲ ಗಂಡಸಿಗೆ ನಾಲ್ಕು ಕಾಲು, ಒಂದು ಬಾಲ! ನಂಬುವುದಿಲ್ಲವೇ? ಮಸ್ಕಿಯ ಬಜಾರಿನಲ್ಲಿ ಯಾರನ್ನಾದರೂ ಕೇಳಿ.

ಅತ್ತೆಯ ಕಾಯಿದೆ ಅಂಥದು. ಅವರ ಲಿಂಗಪೂಜೆ ಮುಗಿಯುವವರೆಗೆ ಮನೆಯಲ್ಲಿ ಯಾರ ಬಾಯಿಗೂ ತುತ್ತು ಬೀಳುವಂತಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ಕೂತರೆಂದರೆ ಓಣಿಯ ವರ್ತಮಾನವನ್ನೆಲ್ಲ ಶಿವನಿಗೆ ಒಪ್ಪಿಸಿಯೇ ಏಳುವುದು. ಹೊಸ ಅಳಿಯ ಮೊದಲ ಸಲ ಬಂದಾಗಲೂ ಹಸಿದುಕೊಂಡೇ ಕೂತಿದ್ದ. ಮಾವನೋ, ಬಟ್ಟೆ ಅಂಗಡಿಯಲ್ಲಿ ವಾಚಾಳಿ, ಮನೆಯಲ್ಲಿ ಮೌನಿ. ಬೆಳಗ್ಗೆ ಎದ್ದು ಮಂಡಿನೋವಿನ ಗುಳಿಗೆಯನ್ನು ಬರೀ ನೀರಿನಲ್ಲಿ ನುಂಗಿ, ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು ಪೇಪರ್ ಓದುತ್ತಿದ್ದರು. ಅದು ಅವರು ಓದುವ ಭಂಗಿ ಎಂದೇ ನಾವೆಲ್ಲ ತಿಳಿದಿದ್ದೆವು.

ಸಾವ್ಕಾರ ಎಂದರೆ ಅತ್ತೆಯ ಬೆಕ್ಕು. ಅಂಗಡಿಯ ಗಾದಿಯ ಮೇಲೆ ಮಾವನಿಗಿಂತ ಠೀವಿಯಿಂದ ಕೂರುವುದರಿಂದ ಆ ಹೆಸರು. ಮನೆಯಲ್ಲಿ ಹಾಲು-ರೊಟ್ಟಿ ಉಣ್ಣುವ ಶುದ್ಧ ಶರಣ. ಹೊರಗೆ ಏನು ತಿನ್ನುತ್ತದೆಂದು ನಾವು ಕೇಳಿಲ್ಲ, ಅದೂ ಹೇಳಿಲ್ಲ. ಇಂಥ ಸಾವ್ಕಾರನಿಗೆ ದಮ್ಮು ಹತ್ತಿತು. ಕತ್ತು ಚಾಚಿ, ನೆಲಕ್ಕೆ ಅಂಟಿ ಉಸಿರು ಎಳೆಯುವುದನ್ನು ನೋಡಲಾಗುತ್ತಿರಲಿಲ್ಲ.

"ಇದು ಪೂರಾ ಹೋಗೂ ರೋಗ ಅಲ್ರಿ," ಎಂದರು ಸಿಂಧನೂರಿನ ಪಶುವೈದ್ಯರು. "ದಿನಾ ಬೆಳಿಗ್ಗಿ ಒಂದು ಗುಳಿಗಿ ಬೇಕು. ಗುಳಿಗಿ ಸಲುವಾಗಿ ಹಸಿವು, ನೀರಡಿಕಿ ಜಾಸ್ತಿ ಆಗ್ತಾವ. ಅಂಜಬ್ಯಾಡ್ರಿ."

ಹಸಿವು ಜಾಸ್ತಿ! ಅದೂ ಆ ಮನೆಯಲ್ಲಿ! ಎದ್ದ ಕೂಡಲೇ ಮಾವ ಬಾಯಿ ತೆರೆಸುವುದು, ಅತ್ತೆ ಗುಳಿಗೆ ನೂಕುವುದು, ಆಮೇಲೆ ಸಾವ್ಕಾರ ಪೂಜೆ ಮುಗಿಯುವವರೆಗೆ ಅತ್ತೆಯ ಸೀರೆ ಸೆರಗು ಜಗ್ಗುತ್ತ ಅರಚುವುದು. ಒಂದು ದಿನ ಅತ್ತೆ ಒಂದೇ ಕಣ್ಣು ತೆರೆದು, "ಸುಮ್ಮನಿರು ಲೇ! ಶಿವನ ಜತಿ ಮಾತಾಡಾಕತ್ತೀನಿ!" ಎಂದು ಗದರಿದರು. ಹೊರಗೆ ಸುಮ್ಮನೇ ಕೂತಿದ್ದ ಮಾವ ಇನ್ನಷ್ಟು ಸುಮ್ಮನಾದರು.

ಆದರೆ ನಗುವ ಮಾತಲ್ಲ. ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನುಂಗಿದ್ದೆಲ್ಲ ವಾಂತಿಯಾಗಿ, ಮತ್ತೆ ಆ ದಮ್ಮು. ಅತ್ತೆ ಫೋನಿನಲ್ಲಿ ಅಳುವುದನ್ನು ಕೇಳಿ ನಾನು ಲಿಂಗಸುಗೂರಿನಿಂದ ಓಡಿಬಂದೆ. ಸಾವ್ಕಾರನನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಸಿಂಧನೂರು ಬಸ್ಸು ಹತ್ತಿದೆವು.

"ಬುಟ್ಟ್ಯಾಗ ಯಾರ್ರಿ ಅಮ್ಮಾ? ಹೆಂಗಸಾದ್ರ ಫ್ರೀ," ಎಂದ ಕಂಡಕ್ಟರ್ ಚೇಷ್ಟೆಗೆ.

"ಗಂಡೈತಪಾ. ಶರಣರ ಮನಿಯವ್ರು, ಸುಳ್ಳು ಹೇಳಂಗಿಲ್ಲ. ಅರ್ಧಾ ಟಿಕೇಟ್ ಹರಿ!"

ಡಾಕ್ಟರು ಕೇಳಿದರು, "ಏನು ತಿನ್ನಿಸಿ ಗುಳಿಗಿ ಕೊಡ್ತೀರಿ?"

"ತಿನ್ನಿಸೂದಾ? ಪೂಜಿ ಆಗಿರೂದಿಲ್ಲಲ್ರಿ!"

"ಅಮ್ಮಾ, ಬೆಕ್ಕೇನು ದೀಕ್ಷಾ ತಗೊಂಡೈತೇನ್ರಿ? ಖಾಲಿ ಹೊಟ್ಟಿಗೆ ಈ ಗುಳಿಗಿ ಬಿದ್ರ ಬೆಂಕಿ ಬಿದ್ದಂಗ. ಮೊದಲು ಉಣ್ಣಿಸ್ರಿ. ನನ್ನ ಕೇಳದ ಗುಳಿಗಿ ಮಾತ್ರ ನಿಲ್ಲಿಸಬ್ಯಾಡ್ರಿ, ಜೀವಕ್ಕ ಕುತ್ತು."

ಮರಳುವಾಗ ಮಸ್ಕಿ ಬರುವವರೆಗೂ ಅತ್ತೆ ಬುಟ್ಟಿಯೊಳಗೆ ಕೈಯಿಟ್ಟು ಸಾವ್ಕಾರನ ಬೆನ್ನು ಸವರುತ್ತಲೇ ಇದ್ದರು. ನನಗೆ ಅನುಮಾನ. ಅತ್ತೆ ಗೆಲ್ಲುತ್ತಾರೋ, ಸಾವ್ಕಾರ ಉಳಿಯುತ್ತಾನೋ? ಆ ದಿನ ನಾನೂ ಅಲ್ಲೇ ಉಳಿದೆ.

ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದು, ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡರು. "ಅಪ್ಪಾ, ಇವತ್ತಿಂದ ಸಾವ್ಕಾರ ಮೊದಲು. ನೀ ತಡಕೋತಿ, ಅವನ ಕೈಲೆ ತಡಕೊಳ್ಳಾಕ ಆಗವಲ್ದು." ಹಾಲಿನಲ್ಲಿ ರೊಟ್ಟಿ ಕಿವುಚಿ ಇಟ್ಟರು. ಸಾವ್ಕಾರ ತಟ್ಟೆಯನ್ನೇ ನೆಕ್ಕಿ ತೊಳೆದ. ಆಮೇಲೆ ಬೆಣ್ಣೆಯಲ್ಲಿ ಮುಚ್ಚಿದ ಗುಳಿಗೆ. ಮೂವರೂ ಅವನ ಸುತ್ತ ಉಸಿರು ಬಿಗಿಹಿಡಿದು ಕೂತೆವು. ಸಾವ್ಕಾರ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ, ಆಕಳಿಸಿದ, ಕುಳಿತು ಮುಖ ತೊಳೆದುಕೊಳ್ಳತೊಡಗಿದ. ವಾಂತಿಯ ಸುಳಿವೇ ಇಲ್ಲ!

"ದಕ್ಕಿತು!" ಎಂದು ಅತ್ತೆ ಕೂಗಿದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿರಬೇಕು. ಪೂಜೆ ಮರೆತು, ಸಕ್ಕರೆ ಡಬ್ಬಿ ಹಿಡಿದು ಓಣಿಗೇ ಇಳಿದರು. "ನಮ್ಮ ಸಾವ್ಕಾರಗ ಗುಳಿಗಿ ದಕ್ಕೈತ್ರಿ, ಬಾಯಿ ಸಿಹಿ ಮಾಡ್ಕೋರಿ!" ಮೊಮ್ಮಗ ಹುಟ್ಟಿದಾಗಲೂ ಇಷ್ಟು ಸಕ್ಕರೆ ಹಂಚಿರಲಿಲ್ಲ. (ವಾರದೊಳಗೆ ಸಾವ್ಕಾರ ಬಟ್ಟೆಯ ಥಾನುಗಳ ಮೇಲೇರಿ ಮಲಗುವಂತಾದ. ಗುಳಿಗೆ ಇಂದಿಗೂ ನಡೆದಿದೆ, ಹಸಿವೂ.)

ಖಾಲಿ ಡಬ್ಬಿ ಹಿಡಿದು ಅತ್ತೆ ಒಳಬಂದಾಗ, ಮಾವ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ತಮ್ಮ ಮಂಡಿನೋವಿನ ಗುಳಿಗೆ ಹಿಡಿದಿದ್ದರು. ಪೇಪರ್ ಪಕ್ಕದಲ್ಲೇ ಇತ್ತು. ಅತ್ತೆ ನಿಂತಲ್ಲೇ ನಿಂತರು.

"ರೀ... ನಿಮಗೂ ಹೊಟ್ಟಿ ಉರೀತೈತೇನ್ರಿ?"

ಮಾವ ನೆಲ ನೋಡಿದರು. "ಹ್ಞೂಂ."

"ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ನೀ ಶಿವನ ಜತಿ ಮಾತಾಡಾಕತ್ತಿರ್ತಿದ್ದಿ. ನಡುವ ಬಂದು ಸೆರಗು ಜಗ್ಗಾಕ ನಾ ಏನು ಬೆಕ್ಕೇನು?"

ನಾನು ನಕ್ಕೆ. ಅತ್ತೆ ನಗಲಿಲ್ಲ. ಮಾವನ ಕೈಯಿಂದ ಗುಳಿಗೆ ಕಸಿದುಕೊಂಡರು. ರೊಟ್ಟಿ, ಬೆಣ್ಣೆ ತಂದು ಅವರ ಮುಂದಿಟ್ಟು, ತಾವೂ ಎದುರಿಗೆ ಕೂತರು.

"ಮೊದಲು ಉಣ್ರಿ," ಎಂದರು.

ಮಾವ ಉಂಡು ಮುಗಿಸುವವರೆಗೂ ಅತ್ತೆ ಏಳಲಿಲ್ಲ. ದಿನವೂ ಲಿಂಗ ಹಿಡಿಯುವ ಅವರ ಎಡಗೈಯಲ್ಲಿ ಮಾವನ ಗುಳಿಗೆ ಇತ್ತು.