ಹದಿನೆಂಟಕ್ಕಿಳಿದ ಬೀಪಿ

ಒಬ್ಬ ಮನುಷ್ಯನಿಗೆ ಉಪ್ಪಿಲ್ಲದ ಸಾರನ್ನು ಎಷ್ಟು ದಿನ ಅಂತ ಬಡಿಸುವುದು? ಐದು ತಿಂಗಳು! ಹಾಸನದ ಡಾಕ್ಟರು ‘ಬೀಪಿ’ ಎಂದಿದ್ದೇ ತಡ, ವಿಜಯಮ್ಮ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಅಟ್ಟಕ್ಕೇರಿಸಿ, ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಗಂಡ ಚೆಲುವಯ್ಯನವರ ನಾಲಿಗೆಗೆ ಅಂದಿನಿಂದ ಸೂತಕ.

ಚೆಲುವಯ್ಯನವರೇನು ಸಾಮಾನ್ಯರೇ? ಹೊಳೆನರಸೀಪುರದಲ್ಲಿ ಅವರದು ಪೈಪಿನ ಅಂಗಡಿ. ಅರಕಲಗೂಡು ಕಡೆಯ ರೈತರು ಬಂದು, “ನಾಕು ಕೆಜಿ ಒತ್ತಡದ ಪೈಪು ಕೊಡಿ ಸಾ, ನಮ್ ಪಂಪಿನ ಮೀಟ್ರು ಕೆಜೀಲಲ್ಲ, ಪಿಎಸ್‌ಐ ಲೆಕ್ದಲ್ಲಿ ತೋರುಸ್ತೈತೆ” ಎಂದರೆ, “ಐವತ್ತೇಳು ದಾಟುಸ್ಬ್ಯಾಡ ಕಣ್ಲಾ, ಒಡ್ದೋಯ್ತದೆ” ಎಂದು ಒಂದು ಅಳತೆಯನ್ನು ಇನ್ನೊಂದಕ್ಕೆ ಬಾಯಲ್ಲೇ ತಿರುಗಿಸಿ ಹೇಳುವ ಒತ್ತಡಶಾಸ್ತ್ರ ಪಾರಂಗತರು. (ಮನೆಯೊಳಗಿನ ಒತ್ತಡಕ್ಕೆ ಮಾತ್ರ ಅವರಲ್ಲಿ ಸೂತ್ರವಿರಲಿಲ್ಲ.)

ಆ ಸೋಮವಾರ ವಿಜಯಮ್ಮ ಬೀಪಿ ಯಂತ್ರಕ್ಕೆ ಹೊಸ ಸೆಲ್ ಹಾಕುವಾಗ ಯಾವುದೋ ಗುಂಡಿ ಒತ್ತಿಬಿಟ್ಟಿದ್ದರು. ಗಂಡನ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಾರೆ, ಹದಿನೆಂಟು!

“ಅಯ್ಯೋ ನನ್ ಶಿವ್ನೇ! ನೂರ ಮೂವತ್ತೈದಿದ್ದಿದ್ದು ಅದಿನೆಂಟಕ್ಕೆ ಇಳ್ದೈತೆ! ಉಪ್ಪು ಬುಡ್ಸಿ ಬುಡ್ಸಿ ನಾನೇ ಈ ಗತಿಗೆ ತಂದ್ನಲ್ಲಾ!”

ಚೆಲುವಯ್ಯನವರು ಓರೆಗಣ್ಣಲ್ಲಿ ನೋಡಿದರು. ಯಂತ್ರದ ಪರದೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕಿಲೋಪಾಸ್ಕಲ್ ಎಂಬ ಬೇರೆಯೇ ಅಳತೆಯ ಹೆಸರಿತ್ತು. ದಿನಾ ತೋರಿಸುತ್ತಿದ್ದುದು ಪಾದರಸದ ಮಿಲಿಮೀಟರು. ಏಳೂವರೆಯಿಂದ ಗುಣಿಸಿದರೆ ಅದೇ ಹಳೆಯ ನೂರ ಮೂವತ್ತೈದು! ಹೇಳೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಏಣಿ ತರಲು ಓಡಿದ್ದು ಕಾಣಿಸಿತು.

“ವಸಿ ಸುಸ್ತು ಕಣೆ” ಎಂದು ಒರಗಿಕೊಂಡರು.

ನಾಲ್ಕು ದಿನ ಸ್ವರ್ಗ. ಮಾವಿನಕಾಯಿ, ನಿಂಬೆಕಾಯಿ, ಹಪ್ಪಳ, ಉಪ್ಪು ಬೆರೆಸಿದ ಮಜ್ಜಿಗೆ, ಎಲ್ಲವೂ ಕುಳಿತಲ್ಲಿಗೇ ಬಂದವು. ಶುಕ್ರವಾರ ಬೆಳಿಗ್ಗೆ ತಲೆ ಭಾರ. ಯಂತ್ರದಲ್ಲಿ ಇಪ್ಪತ್ತಮೂರು. ಮನಸ್ಸಿನಲ್ಲೇ ಗುಣಿಸಿದರು, ನೂರ ಎಪ್ಪತ್ತೆರಡೂವರೆ! ಹಪ್ಪಳದ ತಟ್ಟೆಯನ್ನು ದೂರ ಸರಿಸಿದರು.

“ಸಾಕು ಕಣೆ, ಇನ್ನು ಉಪ್ಪು ಬ್ಯಾಡ.”

“ಇಪ್ಪತ್ಮೂರಕ್ಕೇ ಸಾಕಾ? ನೂರಿಪ್ಪತ್ತು ಮುಟ್ಬ್ಯಾಡ್ವಾ? ತಿನ್ನಿ ಅಪ್ಳಾವ!”

“ಇದು ಬ್ಯಾರೆ ಅಳತೆ ಕಣೆ. ಏಳೂವರೇಲಿ ಗುಣುಸ್ಬೇಕು!”

“ಪೈಪಿನ ಲೆಕ್ಕಾವ ಅಂಗ್ಡೀಲಿಟ್ಕಳಿ. ನೀವು ಉಪ್ಪು ಬ್ಯಾಡ ಅಂತೀರಾ ಅಂದ್ರೆ ನಿಮ್ಗೆ ಗ್ಯಾನ ತಪ್ತಾ ಐತೆ!” ಎಂದವರೇ ಚನ್ನರಾಯಪಟ್ಟಣದಲ್ಲಿರುವ ಮಗಳು ಕೋಮಲಾಗೆ ಫೋನು ಹಚ್ಚಿದರು.

ಮಧ್ಯಾಹ್ನದೊಳಗೆ ಬಸ್ಸಿಳಿದು ಬಂದ ಕೋಮಲಾ ಯಂತ್ರದ ಗುಂಡಿ ಒತ್ತಿ ಅಳತೆ ಬದಲಿಸಿ, ಮತ್ತೆ ನೋಡಿದಳು. ನೂರ ಎಪ್ಪತ್ತೆರಡು.

“ದಿನಾ ಅಂಗಡೀಲಿ ಇದೇ ಲೆಕ್ಕ ಮಾಡ್ತೀಯಲ್ಲಪ್ಪ, ನಿಂಗೂ ಗೊತ್ತಾಗ್ಲಿಲ್ವಾ?”

ಚೆಲುವಯ್ಯನವರಿಗೆ ಇಕ್ಕಟ್ಟು. ಗೊತ್ತಾಗಲಿಲ್ಲವೆಂದರೆ ದಡ್ಡ, ಗೊತ್ತಾಯಿತೆಂದರೆ ಕಳ್ಳ. ದಡ್ಡನಾಗಲು ಅವರು ತಯಾರಾಗಿದ್ದರು. ಆದರೆ ವಿಜಯಮ್ಮ, “ನನ್ ಕೈಯಾರೆ ಇಸ ಇಕ್ದಂಗಾಯ್ತಲ್ಲಾ” ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದಾಗ ಅವರು ಹತ್ತಿರ ಸರಿದು ಕೂತರು.

“ಅಳ್ಬ್ಯಾಡ ಕಣೆ. ಮೊದಲ್ನೇ ದಿನ್ವೇ ಗೊತ್ತಿತ್ತು ನಂಗೆ.”

ಅಳು ನಿಂತಿತು. ವಿಜಯಮ್ಮ ಬೈಯಲಿಲ್ಲ. ಡಾಕ್ಟರಿಗೆ ಫೋನು ಮಾಡಿಸಿ, ಮಾತ್ರೆ ನುಂಗಿಸಿ, ಅಡುಗೆಮನೆಗೆ ಹೋದರು. ಮೂವತ್ತು ವರ್ಷದ ಸಂಸಾರದಲ್ಲಿ ಚೆಲುವಯ್ಯನವರು ಇಷ್ಟು ಹೆದರಿದ್ದೇ ಇಲ್ಲ.

ಸಂಜೆ ಮುದ್ದೆ, ಬಸ್ಸಾರು ಬಂತು. ಚಿಟಿಕೆ ಉಪ್ಪಿಲ್ಲ. ವಿಜಯಮ್ಮ ಪಕ್ಕದಲ್ಲೇ ಕೂತು ತಮ್ಮ ತಟ್ಟೆಗೂ ಅದೇ ಸಾರನ್ನು ಬಡಿಸಿಕೊಂಡು, “ನೀವೊಬ್ರೇ ಯಾಕೆ ಸಪ್ಪೆ ತಿನ್ಬೇಕು?” ಎಂದರು. ಚೆಲುವಯ್ಯನವರ ಕಣ್ಣು ತುಂಬಿತು. ಈ ಪುಣ್ಯಾತಗಿತ್ತಿಯನ್ನು ಏನಾದರೂ ಹೇಳಿ ಸಂತೋಷಪಡಿಸಬೇಕು!

“ಬಾಳ ಚೆನ್ನಾಗೈತೆ ಕಣೆ ಸಾರು!”

“ಔದಾ? ಅಂಗಾದ್ರೆ ಇನ್ಮ್ಯಾಕೆ ದಿನಾ ಇದೇ ಮಾಡ್ತೀನಿ.”