ಅತ್ತೆ ಕಡಲಿಗೆ ತಂದ ಕತ್ತಾಳೆ ಬೆಂಡು

ನಮ್ಮ ಅತ್ತೆ ಯಾವುದನ್ನೂ ಅರ್ಧಕ್ಕೆ ಬಿಟ್ಟವರಲ್ಲ ಎಂದರೆ ನೀವು ಅದನ್ನು ಹೊಗಳಿಕೆ ಎಂದುಕೊಳ್ಳುತ್ತೀರಿ. ಕೊಂಚ ತಾಳಿ. ಇದು ಹೊಗಳಿಕೆಯಲ್ಲ, ಎಚ್ಚರಿಕೆ. ನಿಮ್ಮ ತಟ್ಟೆಯಲ್ಲಿ ಅರ್ಧ ಮುದ್ದೆ, ನಿಮ್ಮ ಗೋಡೆಗೆ ಅರ್ಧ ಸುಣ್ಣ, ನಿಮ್ಮ ಬಾಯಲ್ಲಿ ಅರ್ಧ ಮಾತು ಉಳಿದಿದ್ದರೆ, ಅವರು ಬರುವ ಸುದ್ದಿ ತಿಳಿದ ಕೂಡಲೇ ಮುಗಿಸಿಬಿಡಿ. ಇಲ್ಲದಿದ್ದರೆ ಅವರು ಮುಗಿಸುತ್ತಾರೆ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಎಪ್ಪತ್ತರ ಹೊಸ್ತಿಲಲ್ಲಿದ್ದಾರೆ, ಕಲ್ಯಾಣದುರ್ಗದಲ್ಲಿ ಮಗಳು ಅಳಿಯನ ಜೊತೆ ಇದ್ದಾರೆ. ನಾನು ಹಿಂದೂಪುರದಲ್ಲಿ ವಿಮೆ ಏಜೆಂಟ್. ಆಗಬಾರದ್ದು ಆದರೆ ಏನು ಗತಿ ಎಂದು ಊರಿನವರಿಗೆಲ್ಲ ಹೇಳಿ ಹೆದರಿಸುವುದು ನನ್ನ ಉದ್ಯೋಗ. ಹೆದರಿಸಿ ಹೆದರಿಸಿ ಊರಿನವರು ಗಟ್ಟಿಯಾದರು, ನಾನು ಮೆತ್ತಗಾದೆ. ಈಗ ಮನೆಯ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ವಾಪಸು ಬರುವುದು ನನ್ನ ಬೆಳಗಿನ ವ್ಯಾಯಾಮ.

ಅತ್ತೆಯ ವಿಷಯಕ್ಕೆ ಬರೋಣ. ಒಮ್ಮೆ ಅವರು ನಮ್ಮ ಮನೆಯಿಂದ ಕಲ್ಯಾಣದುರ್ಗದ ಬಸ್ಸು ಹತ್ತಿದರು. ಕಿಟಕಿ ಸೀಟಿಗಾಗಿ ಪಕ್ಕದ ಹೆಂಗಸಿನ ಜೊತೆ ಜಗಳ ಶುರುವಾಯಿತು. ಜಗಳ ಇನ್ನೇನು ಕಾವೇರಬೇಕು, ಅಷ್ಟರಲ್ಲಿ ಸೋಮಂದೇಪಲ್ಲಿ ಬಂತು, ಆ ಹೆಂಗಸು ಇಳಿದಳು. ಬೇರೆ ಯಾರಾದರೂ ಆಗಿದ್ದರೆ ಸಿಕ್ಕ ಕಿಟಕಿಯಲ್ಲಿ ಗಾಳಿ ಕುಡಿಯುತ್ತಾ ಕೂರುತ್ತಿದ್ದರು. ಅತ್ತೆ ಚೀಲ ಎತ್ತಿಕೊಂಡು ತಾವೂ ಇಳಿದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಜಗಳವನ್ನು ಕ್ರಮವಾಗಿ ಮುಗಿಸಿ, ಇಬ್ಬರೂ ಕಬ್ಬಿನ ಹಾಲು ಕುಡಿದು, ಮುಂದಿನ ಬಸ್ಸಿಗೆ ಹೋದರು. ಆ ಹೆಂಗಸು ಈಗ ನಮ್ಮ ಮನೆಯ ಎಲ್ಲ ಮದುವೆಗಳಿಗೂ ಬರುತ್ತಾಳೆ.

ಇನ್ನೊಮ್ಮೆ, ರೊದ್ದಂ ಕಡೆಯ ಒಬ್ಬಾಕೆ ತನ್ನ ಮೈದುನನ ಕಥೆ ಹೇಳುತ್ತಿದ್ದವಳು ಬಸ್ಸು ಬಂತೆಂದು ಎದ್ದು ಹೋಗಿದ್ದಳು. ವರ್ಷಗಳು ಕಳೆದ ಮೇಲೆ ಹಿಂದೂಪುರದ ಹುಣಿಸೆ ಮಂಡಿಯ ಮುಂದೆ ಅತ್ತೆ ಆಕೆಯನ್ನು ಅಡ್ಡಗಟ್ಟಿದರು.

"ಆಮೇಕೆ ಏನಾಯ್ತಮ್ಮ?"

"ಯಾವ್ದಕ್ಕ?"

"ನಿನ್ ಮೈದ್ನ ಬಾಗ್ಲು ತೆಗ್ದ ಅಂದಿದ್ದೆ. ಆಮೇಕೆ?"

ಆಕೆಗೆ ಮೈದುನನೇ ನೆನಪಿದ್ದನೋ ಇಲ್ಲವೋ, ಬಾಗಿಲಂತೂ ಮರೆತಿತ್ತು. ಅತ್ತೆ ಬಿಡಲಿಲ್ಲ. ಕಥೆಯ ಮೊದಲರ್ಧವನ್ನು ತಾವೇ ಆಕೆಗೆ ಹೇಳಿ, ಉಳಿದರ್ಧವನ್ನು ವಸೂಲು ಮಾಡಿಕೊಂಡು ಬಂದರು. ಬಾಗಿಲ ಹಿಂದೆ ಬೆಕ್ಕಿತ್ತಂತೆ.

ಇಂಥ ಅತ್ತೆ ಕೈಚೆಲ್ಲಿದ ಕೆಲಸ ಲೋಕದಲ್ಲಿ ಒಂದೇ ಒಂದಿತ್ತು. ಅದು ನಾನು.

ನಮ್ಮ ಅಜ್ಜನ ತೋಟದಲ್ಲಿ ದೊಡ್ಡದೊಂದು ಬಾವಿಯಿತ್ತು. ನಮ್ಮ ವಂಶದ ಮಕ್ಕಳಿಗೆಲ್ಲ ಬೇಸಿಗೆ ರಜೆಯಲ್ಲಿ ಈಜು ಕಲಿಸಿದವರು ಅತ್ತೆ. ಒಣಗಿದ ಕತ್ತಾಳೆ ಹೂಗಂಬವನ್ನು ಮೊಳದುದ್ದಕ್ಕೆ ಕತ್ತರಿಸಿದರೆ ಅದೇ ಬೆಂಡು, ಹಗುರ, ನೀರಲ್ಲಿ ಮುಳುಗದು. ಎರಡು ಬೆಂಡನ್ನು ಮಗುವಿನ ಬೆನ್ನಿಗೆ ಕಟ್ಟಿ ಬಾವಿಗೆ ಬಿಡುತ್ತಿದ್ದರು. ಕೈಕಾಲು ಹದಕ್ಕೆ ಬಂದಂತೆ ಒಂದು ಬೆಂಡು ಕಳಚುತ್ತಿದ್ದರು, ಆಮೇಲೆ ಇನ್ನೊಂದು. ಎರಡೂ ಕಳಚಿದ ದಿನ ಆ ಬೆಂಡನ್ನು ಹಂಡೆಯ ಒಲೆಗೆ ಹಾಕಿ, ಕಾದ ನೀರಲ್ಲಿ ಆ ಮಗುವಿಗೆ ಎಣ್ಣೆಸ್ನಾನ. ನಮ್ಮ ಮನೆಯ ಪದವಿ ಪ್ರದಾನ ಅದು. ನನ್ನ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರ ಬೆಂಡೂ ಬೂದಿಯಾಯಿತು. ನಾನು ಮಾತ್ರ ಬಾವಿಯ ಕೊನೆಯ ಮೆಟ್ಟಿಲನ್ನು ಹಲ್ಲಿಯಂತೆ ತಬ್ಬಿಕೊಂಡಿದ್ದೆ. ಒಂದು ವರ್ಷ ಜ್ವರ, ಒಂದು ವರ್ಷ ಕಿವಿನೋವು, ಒಂದು ವರ್ಷ ಹಾವು ಕಂಡಿತು. ಅಷ್ಟರಲ್ಲಿ ಬಾವಿ ಬತ್ತಿತು. ನನ್ನ ಜೋಡಿ ಬೆಂಡು ಅತ್ತೆಯ ಅಟ್ಟ ಸೇರಿತು.

ಹೋದ ವರ್ಷ ಅತ್ತೆಯ ಎದೆಗೆ ಸ್ಟೆಂಟ್ ಹಾಕಿದರು. ರಕ್ತನಾಳದಲ್ಲಿ ಎರಡು ಕಡೆ ಅಡ್ಡಿಯಿದೆ, ಒಂದನ್ನು ಸರಿಮಾಡಿದ್ದೇವೆ, ಇನ್ನೊಂದು ಸಣ್ಣದು, ಈಗ ಬೇಡ ಎಂದರು ಡಾಕ್ಟರು.

"ಏನ್ ಸಾರ್, ಓದ್ದೋರು ನೀವು. ಅರ್ಧಕ್ಕೆ ಬುಡ್ತೀರಾ?" ಎಂದು ಅತ್ತೆ ಮಂಚದ ಮೇಲಿಂದಲೇ ಕೇಳಿದರು.

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಅಲ್ಲಿಂದಾಚೆ ಅತ್ತೆ ಎಲ್ಲವನ್ನೂ ಮುಗಿಸತೊಡಗಿದರು. ಆಸ್ಪತ್ರೆಗೆ ಹೋಗುವಾಗ ಹೊಲಿಗೆಯಲ್ಲಿದ್ದ ಕೌದಿ ಮುಗಿಯಿತು. ಮಾತು ಬಿಟ್ಟಿದ್ದ ಪಕ್ಕದ ಮನೆಯವರೊಡನೆ ರಾಜಿಯೂ ಮುಗಿಯಿತು. ಬೆಳ್ಳಿ ಕಡಗ ಮೊಮ್ಮಗಳ ಕೈ ಸೇರಿತು. ಅವರ ಮಗಳು ಫೋನಿನಲ್ಲಿ, "ಅಮ್ಮ ಎಲ್ಲಾ ಮುಗುಸ್ತಾವ್ಳೆ ಕಣಣ್ಣ. ನಂಗ್ಯಾಕೋ ದಿಗಿಲಾಯ್ತೈತೆ" ಎಂದಳು. ನೋಡಲು ಹೋದಾಗ ಅತ್ತೆ ನನ್ನ ಮುಂದೆ ಕೈ ಚಾಚಿ ಒಂದೊಂದೇ ಬೆರಳು ಮಡಚಿದರು. "ಇದೂ ಆಗೋಯ್ತು. ಇದೂ ಆಗೋಯ್ತು." ಕೊನೆಗೆ ಕಿರುಬೆರಳು ಮಾತ್ರ ನೆಟ್ಟಗೆ ನಿಂತಿತ್ತು.

"ಇದೇನತ್ತೆ?"

"ಇದು ನೀನು ಕಣ್ಲಾ. ನಿನ್ ಈಜು."

ಆವತ್ತೇ ನಿರ್ಧರಿಸಿದೆ, ಜನ್ಮದಲ್ಲಿ ಈಜು ಕಲಿಯಬಾರದು. ಕಿರುಬೆರಳು ಮಡಚಿದರೆ ಆಮೇಲೆ ಅತ್ತೆಗೆ ಮಾಡಲು ಏನುಳಿಯುತ್ತದೆ? ಅವರ ಆಯುಷ್ಯಕ್ಕಾಗಿ ನಾನು ಮಾಡುತ್ತಿರುವ ಈ ತ್ಯಾಗವೂ ನನ್ನ ಪುಕ್ಕಲುತನವೂ ಒಂದಕ್ಕೊಂದು ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ದೇವರ ದಯೆ ಎಂದುಕೊಂಡೆ.

ದೇವರು ನಮ್ಮಾಕೆಯ ಕಡೆಗಿದ್ದ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಅವಳು ಮಾರಿಷಸ್ಸಿಗೆ ಟಿಕೆಟ್ ಮಾಡಿಸಿದಳು. ಅದರಲ್ಲಿ ಒಂದು ದಿನ ದೋಣಿ ವಿಹಾರ. ಊಟ, ಪಾನೀಯ, ಮುಖಕ್ಕೆ ಗಾಜು ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ಮೀನು ನೋಡುವ ಸ್ನಾರ್ಕೆಲಿಂಗ್, ಎಲ್ಲ ಒಂದೇ ಟಿಕೆಟ್ಟಿನಲ್ಲಿ. ಸುದ್ದಿ ಕಲ್ಯಾಣದುರ್ಗಕ್ಕೆ ಮುಟ್ಟಿತು. ಮಾರನೆಯ ದಿನವೇ ಅತ್ತೆ ನಮ್ಮ ಬಾಗಿಲಲ್ಲಿದ್ದರು. "ನಾನೂ ಬತ್ತೀನಿ. ಡಾಕ್ಟ್ರು ಈಜ್‌ಬೋದು ಅಂದವ್ರೆ."

"ನಾವು ಹೋಗ್ತಿರೋದು ಎರಡನೇ ಹನಿಮೂನಿಗೆ ಅತ್ತೆ."

"ಮೊದಲ್ನೇದು ಪೂರ್ತಿ ಆಗಿತ್ತಾ?" ಎಂದು ಅತ್ತೆ ನಮ್ಮಾಕೆಯನ್ನು ಕೇಳಿದರು. ನಮ್ಮಾಕೆ ನಗುತ್ತಾ ಅವರ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಡಾಕ್ಟರಿಗೆ ನಾನೇ ಫೋನು ಮಾಡಿ ಕೇಳಿದೆ. "ಅವರು ಈಜಲಿ. ನಿಮ್ಮ ಬಿಪಿ ಒಮ್ಮೆ ನೋಡಿಸಿಕೊಳ್ಳಿ" ಎಂದರು.

ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಚೀಲ ಪಕ್ಕಕ್ಕೆ ಹೋಯಿತು. ಸೀರೆಗಳ ನಡುವಿನಿಂದ ಆ ಯುವ ಅಧಿಕಾರಿ ಹೊರತೆಗೆದದ್ದು ಎರಡು ಕತ್ತಾಳೆ ಬೆಂಡು, ಹಗ್ಗದ ಸಮೇತ. ನನ್ನ ಬೆನ್ನಲ್ಲಿ ಆ ಹಳೆಯ ಬಾವಿಯ ತಣ್ಣನೆ ಗಾಳಿ ಬೀಸಿತು.

"ಏನಮ್ಮ ಇದು?"

"ಇವ್ನದು" ಎಂದು ಅತ್ತೆ ನನ್ನ ಕಡೆ ಕೈ ತೋರಿಸಿದರು. "ಐವತ್ ದಾಟ್ತು, ಇನ್ನ ಈಜು ಬರಾಕಿಲ್ಲ."

ಆತ ಪಾವಗಡದ ಕಡೆಯವನಂತೆ. ಬೆಂಡನ್ನು ಮೂಸಿ ನೋಡಿ, ತಾನೂ ಇದರಲ್ಲೇ ಕಲಿತದ್ದೆಂದು ಹೇಳಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಕನಿಕರದಿಂದ ನೋಡಿ ಕಳಿಸಿದ. ಆತ ಸೂಜಿಯನ್ನೂ ಬಿಡದವನು, ಬೆಂಡನ್ನು ಬಿಟ್ಟ. ನನ್ನ ಕೊನೆಯ ಆಸೆಯೂ ಕಮರಿತು.

ದೋಣಿ ಎಂದರೆ ಕ್ಯಾಟಮರನ್, ಎರಡು ಒಡಲಿನ ಹಾಯಿದೋಣಿ. ಅತ್ತೆ ನೋಡಿದ ಕೂಡಲೇ "ಜೋಡೆತ್ತಿನ್ ಗಾಡಿ ಇದ್ದಂಗೈತೆ" ಎಂದು ಒಪ್ಪಿಕೊಂಡರು. ಎರಡು ಒಡಲುಗಳ ನಡುವೆ ಬಲೆ ಬಿಗಿದಿತ್ತು. ಅದರ ಮೇಲೆ ಬಿಳಿಯ ಪ್ರವಾಸಿಗರು ಎಣ್ಣೆ ಸವರಿಕೊಂಡು ಬಿಸಿಲಿಗೆ ಬಿದ್ದಿದ್ದರು.

"ಹಿಂದೂಪುರದಾಗೆ ಹುಣಿಸೆಹಣ್ಣು ಹರವ್ದಂಗೆ ಹರವವ್ರಲ್ಲೇ" ಎಂದರು ಅತ್ತೆ ನಮ್ಮಾಕೆಗೆ. "ಮಗ್ಗಲು ತಿರುವಾಕೆ ಯಾರೂ ಇಲ್ವಾ?"

ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ ಎಂದು ಅವರಿಗೆ ಹೇಳಿದ್ದು ನಮ್ಮ ತಪ್ಪು. ಸೇರಿದೆ ಎಂದರೆ ಮುಗಿಸಬೇಕು ಎಂದು ಅವರ ಲೆಕ್ಕ. ಹಣ್ಣು ಬಂತು, ಮುಗಿಸಿದರು. ಸುಟ್ಟ ಮೀನು ಬಂತು, ಮುಗಿಸಿದರು, ಪಕ್ಕದ ದಂಪತಿಗಳು ಬಿಟ್ಟಿದ್ದನ್ನು ಅವರ ಮುಂದೆ ಸರಿಸಿ ಅವರಿಂದಲೂ ಮುಗಿಸಿಸಿದರು. ಕೆಂಪು ಪಾನೀಯ ಬಂತು. ಅದು ರಮ್ಮು, ಕಬ್ಬಿನಿಂದ ಮಾಡಿದ್ದು ಎಂದು ನಾನು ತಡೆಯುವಷ್ಟರಲ್ಲಿ, "ಕಬ್ಬಿನ್ ಹಾಲಲ್ವಾ, ಕುಡೀಬೋದು" ಎಂದು ಮುಗಿಸಿಬಿಟ್ಟರು. ಸ್ಟೆಂಟು, ಮಾತ್ರೆ, ರಮ್ಮು ಎಂದು ನಾನು ನಾಡಿ ಹಿಡಿದು ಕೂತೆ. ಐದು ನಿಮಿಷದ ಮೇಲೆ ನಮ್ಮಾಕೆ ಹೇಳಿದಳು, ನಾನು ಹಿಡಿದದ್ದು ನನ್ನ ನಾಡಿಯನ್ನೇ ಎಂದು.

ದೋಣಿಯ ಆಳೊಬ್ಬ ನಮ್ಮ ಬಣ್ಣದವನು. ಅವನ ಮುತ್ತಾತನ ಕಾಲದಲ್ಲಿ ತೆಲುಗು ಸೀಮೆಯಿಂದ ಕಬ್ಬಿನ ಗದ್ದೆಗೆ ಬಂದವರಂತೆ. ಅವನಿಗೆ ಉಳಿದಿದ್ದ ತೆಲುಗೆಂದರೆ "ಬಾಗುನ್ನಾರಾ" ಒಂದೇ. ಚೆನ್ನಾಗಿದ್ದೀರಾ ಎಂದು ಕೇಳುತ್ತಾನೆ, ಉತ್ತರ ಕೊಟ್ಟರೆ ತಿಳಿಯದು. ಅತ್ತೆಗೆ ತಡೆಯಲಾಗಲಿಲ್ಲ. "ಅಯ್ಯೋ ನಾಯನಾ, ಇಷ್ಟೇ ಇಟ್ಕಂಡು ಎಂಗ್ ಬದುಕ್ತೀಯಾ" ಎಂದು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವನಿಗೆ ಬರುವುದು ಫ್ರೆಂಚು, ಇಂಗ್ಲಿಷು. ಇವರಿಗೆ ಎರಡೂ ಬಾರವು. ಆದರೂ ಮಧ್ಯಾಹ್ನದ ಹೊತ್ತಿಗೆ ಆತ ನಮ್ಮಾಕೆಯ ಮುಂದೆ ತಟ್ಟೆಯಿಟ್ಟು, "ತಿನು ತಲ್ಲೀ, ಚಲ್ಲಾರಿಪೋತುಂದಿ" ಎಂದ. ತಿನ್ನು ತಾಯಿ, ಆರಿಹೋಗುತ್ತೆ ಎಂದು. ಕಲ್ಯಾಣದುರ್ಗದ ರಾಗ ಕೂಡ ತಪ್ಪಿರಲಿಲ್ಲ.

ಬೆಳಿಗ್ಗೆ ಹವಳದ ದಿಬ್ಬದ ಬಳಿ ಸ್ನಾರ್ಕೆಲಿಂಗ್ ಆಗಿತ್ತು. ಅತ್ತೆ ಸೀರೆಯನ್ನು ಕಚ್ಚೆ ಹಾಕಿ, ಮೇಲೆ ತೇಲುಜಾಕೆಟ್ಟು ತೊಟ್ಟು, ಮುಖಕ್ಕೆ ಗಾಜು ಬಿಗಿದು, ಏಣಿಯಿಂದ ಇಳಿಯದೆ ಅಂಚಿನಿಂದ ಧುಮುಕಿದರು. ಬಲೆಯ ಮೇಲಿದ್ದವರೆಲ್ಲ ತಾವಾಗಿಯೇ ಮಗ್ಗಲು ತಿರುಗಿ ನೋಡಿದರು. ನಾನು ಏಣಿಯ ಕೊನೆಯ ಮೆಟ್ಟಿಲು ತಬ್ಬಿ ನಿಂತಿದ್ದೆ. ಲೋಕದ ಏಣಿಗಳ ಕೊನೆಯ ಮೆಟ್ಟಿಲೆಲ್ಲ ಒಂದೇ ಥರ ಇರುತ್ತದೆ. ಅತ್ತೆ ನೀರಿನಿಂದ ಮುಖವೆತ್ತಿ, ಕೊಳವೆ ತೆಗೆದು, "ಹಳದಿ ಮೀನು ಕಣ್ಲಾ, ಅರಿಸಿನ ಕುಂಕುಮಕ್ಕೆ ಬಂದವ್ರಂಗೆ ಸಾಲಾಗಿ ಬತ್ತಾವೆ" ಎಂದರು. ಆ ಮುಖದಲ್ಲಿ ಆಸ್ಪತ್ರೆಯ ಮಂಚವಿರಲಿಲ್ಲ. ನನಗೆ ಸಂತೋಷವಾಯಿತು, ಸಂತೋಷದ ಹಿಂದೆಯೇ ಕಿರುಬೆರಳು ನೆನಪಾಯಿತು.

ಊಟದ ನಂತರ ದೋಣಿ ಒಂದು ದ್ವೀಪದ ಮರಳ ದಂಡೆಯ ಬಳಿ ನಿಂತಿತು. ಎದೆಮಟ್ಟದ ತಿಳಿನೀರು. ಅಲ್ಲಿ ಜಾಕೆಟ್ಟು ಬೇಕಿಲ್ಲ ಎಂದ ನಮ್ಮ ತೆಲುಗು ಶಿಷ್ಯ. ಅತ್ತೆ ಚೀಲದಿಂದ ಬೆಂಡು ತೆಗೆದರು.

"ಬೇಡತ್ತೆ. ಫಾರಿನ್ನಿನವರು ನೋಡ್ತಾರೆ."

"ನೋಡ್ಲಿ. ಅವ್ರ ಮೈ ನಾವು ನೋಡ್ಲಿಲ್ವಾ?"

ಹೀಗೆ, ಐವತ್ತು ದಾಟಿದ, ಹೊಟ್ಟೆ ಬಂದ, ವಿಮೆ ಏಜೆಂಟನೊಬ್ಬ ಮುಖಕ್ಕೆ ಗಾಜು, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು, ಬೆನ್ನಿಗೆ ಎರಡು ಕತ್ತಾಳೆ ಬೆಂಡು ಕಟ್ಟಿಸಿಕೊಂಡು ಹಿಂದೂ ಮಹಾಸಾಗರಕ್ಕೆ ಇಳಿದ. ಎರಡು ಕುಟುಂಬದವರು ನನ್ನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ನಮ್ಮಾಕೆ ದಡದಲ್ಲಿ ಕುಳಿತು, ಇಪ್ಪತ್ತೈದು ವರ್ಷದಲ್ಲಿ ನಾನು ನೋಡಿರದ ಮುಖ ಮಾಡಿಕೊಂಡು ನನ್ನನ್ನು ನೋಡುತ್ತಿದ್ದಳು.

ಅತ್ತೆ ನನ್ನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟರು. ಅದೇ ಅಂಗೈ, ಅದೇ ಒರಟು. "ಕಾಲು ಬಡಿ. ಕುತ್ಗೆ ಸಡ್ಲ ಬುಡು. ನೀರೇನ್ ನಿನ್ ತಿಂದ್ಬುಡ್ತದಾ?" ಬಾಯಿಗೆ ಕೊಳವೆಯಿದ್ದುದರಿಂದ ನನಗೆ ಉತ್ತರ ಕೊಡಲಾಗಲಿಲ್ಲ. ನನ್ನ ಈಜಿಗೆ ಇಷ್ಟು ದಿನ ಅಡ್ಡಿಯಾಗಿದ್ದು ನನ್ನ ಉತ್ತರಗಳೇ ಇರಬೇಕು. ಗಾಜಿನಾಚೆ ಮರಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಒಂದು ಬೆಂಡು ಬಿಚ್ಚಿಕೊಂಡರು. ಮುಳುಗಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ ಅಂಗೈ ಇದೆಯೋ ಇಲ್ಲವೋ ತಿಳಿಯದಾಯಿತು. ಒಂದು ಸಣ್ಣ ಹಳದಿ ಮೀನು ಎದುರು ಬಂದು ನಿಂತು, ನನ್ನ ಪರಿಚಯವಿದ್ದಂತೆ ನೋಡಿ ಹೋಯಿತು. ಗ್ಯಾಸು ಆಫ್ ಮಾಡಿದ್ದೇನೋ ಎಂಬುದೂ ಮರೆತಿತ್ತು.

ತಲೆಯೆತ್ತಿದಾಗ ಒಂದಷ್ಟು ದೂರದಲ್ಲಿ ಬೆಂಡೊಂದು ತನ್ನ ಪಾಡಿಗೆ ತಾನು ತೇಲುತ್ತಿತ್ತು. ಅತ್ತೆ ಬಿಚ್ಚಿದ್ದು ಅವರ ಕೈಯಲ್ಲೇ ಇದೆ. ಹಾಗಾದರೆ ಇದು ಯಾರದು? ಬೆನ್ನಿಗೆ ಕೈಹಾಕಿ ನೋಡಿದೆ. ಹಗ್ಗವೂ ಇರಲಿಲ್ಲ.

ಮರಳಿಗೆ ಕಾಲೂರಿ ನಿಂತೆ. ಅತ್ತೆಯೂ ಆ ಬೆಂಡನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಖಾಲಿ ಬೆನ್ನನ್ನು ನೋಡಿದರು, ನಾನು ಬಂದ ದೂರವನ್ನು ನೋಡಿದರು. ಈಗ ಅವರ ಕಿರುಬೆರಳು ಮಡಚುತ್ತದೆ, "ಇದೂ ಆಗೋಯ್ತು" ಎನ್ನುತ್ತಾರೆ ಎಂದು ಆ ಬೆರಳನ್ನೇ ನೋಡುತ್ತಾ ನಿಂತೆ. ಅದಕ್ಕೆ ಹೊಂದುವ ಪಾಲಿಸಿ ನನ್ನ ಬಳಿ ಯಾವುದೂ ಇರಲಿಲ್ಲ.

ಅತ್ತೆ ನಾಲ್ಕು ಕೈ ಬೀಸಿ ಈಜಿಹೋಗಿ ಬೆಂಡನ್ನು ಹಿಡಿದು ತಂದರು. ನೀರು ಕೊಡವಿದರು. ಪಡುವಣಕ್ಕೆ ವಾಲಿದ ಸೂರ್ಯನ ಕಡೆಗೆ ನೋಡುತ್ತಾ, ಏನೂ ಕಾಣದವರ ಹಾಗೆ ಹೇಳಿದರು. "ಒಂದ್ ಬೆಂಡು ಕಳಚ್ತು. ಇನ್ನೊಂದೈತೆ. ಇವತ್ತಿಗೆ ಸಾಕು ಬುಡ್ಲಾ. ಉಳ್ದಿದ್ದು ಬರೋ ವರ್ಸ ನೋಡಾನ."

ಅರ್ಧ ಜಗಳಕ್ಕೆ ಬಸ್ಸಿನಿಂದ ಇಳಿದವರು ಈ ಮಾತು ಹೇಳಿದರು.

"ಹೂಂ ಅತ್ತೆ. ನನಗಿನ್ನೂ ಬರಲ್ಲ" ಎಂದೆ.

"ಎಲ್ ಬತ್ತದೆ. ದಡ್ಡ ನೀನು" ಎಂದು ನನ್ನ ಒದ್ದೆ ತಲೆ ಸವರಿದರು.

ಬೆಂಡು ಮತ್ತೆ ಕಲ್ಯಾಣದುರ್ಗದ ಅಟ್ಟದ ಮೇಲಿದೆ. ಅತ್ತೆಯೇ ಏಣಿ ಹತ್ತಿ ಇಟ್ಟರಂತೆ, ಮಗಳು ಬೈದಳಂತೆ. ಹೊಸದೊಂದು ಕೌದಿಗೆ ಬಟ್ಟೆ ಕೂಡ ಕತ್ತರಿಸಿಕೊಂಡಿದ್ದಾರೆ. ಫೋನು ಮಾಡಿದಾಗಲೆಲ್ಲ ಕೊನೆಯಲ್ಲಿ ಒಂದು ಪ್ರಶ್ನೆ ತಪ್ಪದು.

"ಈಜು ಗೀಜು ನೆಪ್ಪೈತೇನ್ಲಾ?"

"ಎಲ್ಲಾ ಮರ್ತೋಯ್ತು ಅತ್ತೆ."

ಆ ಕಡೆಯಿಂದ ಅತ್ತೆಯ ದನಿ ನೆಮ್ಮದಿಯಿಂದ ಹೇಳುತ್ತದೆ.

"ಒಳ್ಳೇದಾಯ್ತು ಬುಡು."